ಗುರಿಂಜಿ ಜನರ ನೆಲ

ಆಸ್ಟ್ರೇಲಿಯಾ ಖಂಡದ ಉತ್ತರ ಪ್ರಾಂತದಲ್ಲಿ ಗುರಿಂಜಿಯೆಂಬ ಮೂಲನಿವಾಸಿಗಳುಂಟು. ಅವರ ಪೂರ್ವಿಕರ ನೆಲವನ್ನು ಬಿಳಿಯರು ಹತ್ತೊಂಬತ್ತನೆಯ ಶತಮಾನದಲ್ಲಿ ದನ ಮೇಯಿಸಲು ಆಕ್ರಮಿಸಿದರು. ನೆಲದೊಡೆಯರೇ ಅಲ್ಲಿ ದನಕಾಯುವ ಆಳುಗಳಾದರು. 1966ರ ಆಗಸ್ಟಿನಲ್ಲಿ ವಿನ್ಸೆಂಟ್ ಲಿಂಗಿಯಾರಿ ಎಂಬ ಹಿರಿಯರ ಹಿಂದೆ ಸುಮಾರು 200 ಮಂದಿ, ಇಂಗ್ಲೆಂಡಿನ ವೆಸ್ಟೀ ಮನೆತನದ ವಶದಲ್ಲಿದ್ದ ವೇವ್ ಹಿಲ್ ಕ್ಷೇತ್ರದ ಕೆಲಸವನ್ನು ತೊರೆದು ನಡೆದರು. ಕೂಲಿಯ ಜಗಳವೆಂದು ಲೋಕವು ಭಾವಿಸಿತು. ಮರುವರ್ಷ ಗವರ್ನರ್ ಜನರಲ್ಲರಿಗೆ ಬರೆದ ಮನವಿಯಲ್ಲಿ ಅವರು ಕೇಳಿದುದು ನೆಲವನ್ನು.

1975ರ ಆಗಸ್ಟ್ 16ರಂದು ಪ್ರಧಾನಮಂತ್ರಿ ಗಾಫ್ ವಿಟ್ಲಮ್ ಅಲ್ಲಿಗೆ ಬಂದು ಲಿಂಗಿಯಾರಿಯವರ ಅಂಗೈಗೆ ಹಿಡಿಮಣ್ಣನ್ನು ಸುರಿದರು. ನಮ್ಮ ವಾಚಕರಿಗೆ ಇದು ಧಾರೆಯೆರೆದ ಭೂದಾನದಂತೆ ತೋರೀತು. ಸ್ವತ್ವವುಳ್ಳವನೇ ದಾನಕ್ಕೆ ಅಧಿಕಾರಿಯೆಂಬುದು ನಮ್ಮ ಧರ್ಮಶಾಸ್ತ್ರದ ಮತವಷ್ಟೆ. ಕಸಿದುಕೊಂಡವನು ಹಿಂದಿತ್ತರೆ ಅದು ಪ್ರತ್ಯರ್ಪಣವೇ ಹೊರತು ದಾನವಲ್ಲ. ಆ ಪ್ರತ್ಯರ್ಪಣವಾದರೂ ಅಂದು ಪೂರ್ಣವಾಗಲಿಲ್ಲ. ಕೈಗೆ ಬಂದುದು ಸುಮಾರು 3,200 ಚದರ ಕಿಲೋಮೀಟರ್ ಭೂಮಿಯ ಗೇಣಿಯ ಹಕ್ಕು ಮಾತ್ರ! ಪರಭಾರೆ ಮಾಡಲಾಗದ ಶಾಶ್ವತ ಒಡೆತನದ ಪತ್ರವು ದೊರೆತುದು 1986ರಲ್ಲಿ. ಲಿಂಗಿಯಾರಿಯವರು ಆಗ ಇನ್ನೂ ಬದುಕಿದ್ದರು, 1988ರಲ್ಲಿ ತೀರಿಕೊಂಡರು.