ಸುಣ್ಣದ ಕಣವೂ ಸ್ತ್ರೀಯರ ಹೃದಯವೂ

ಈಚೆಗೆ ನಮ್ಮ ಅತ್ತಿಗೆಯವರು ನನ್ನನ್ನು ಕೇಳಿದರು: “ಮುಟ್ಟು ನಿಂತ ಮೇಲೆ ಹಾರ್ಮೋನು ತೆಗೆದುಕೊಂಡರೆ ಹೃದಯಕ್ಕೆ ಒಳ್ಳೆಯದೆಂದು ಮೊದಲು ಹೇಳಿದರು, ಆಮೇಲೆ ಅಲ್ಲವೆಂದರು. ನೀನೇ ಹೇಳಪ್ಪ, ಯಾವುದನ್ನು ನಂಬಲಿ?” ಉತ್ತರಕ್ಕಾಗಿ ನಾನು ಶತಮಾನಕ್ಕೂ ಹಿಂದೆ ಸರಿಯಬೇಕಾಯಿತು.

1882ರಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್, ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪಿನ ದ್ರಾವಣದಲ್ಲಿ ಮಿಡಿಯುವಂತೆ ಮಾಡಿದ. ದ್ರಾವಣಕ್ಕೆ ಬಳಸಿದ್ದು ಭಟ್ಟಿಯಿಳಿಸಿದ ನೀರೆಂದೇ ಆತನ ನಂಬಿಕೆ. ಅದು ನಲ್ಲಿಯ ನೀರೆಂದು ಬಳಿಕ ತಿಳಿಯಿತು. ಶುದ್ಧ ನೀರಿನಲ್ಲಿ ಹೃದಯ ಬಲಗುಂದಿತು. ಅದನ್ನು ನಡೆಸಿದ್ದು ನಲ್ಲಿಯ ನೀರಿನ ಸುಣ್ಣದಂಶ, ಕ್ಯಾಲ್ಸಿಯಂ. 1883ರಲ್ಲಿ ಆತ ತನ್ನ ತಪ್ಪನ್ನು ತಾನೇ ಪ್ರಕಟಿಸಿದ.

ರಕ್ತನಾಳದ ಗೋಡೆಯ ಸ್ನಾಯುವೂ ಇದೇ ಕ್ಯಾಲ್ಸಿಯಮ್ಮಿಗೆ ಅಧೀನ. ವಿಶ್ರಾಂತ ಜೀವಕೋಶದೊಳಗೆ ಅದರ ಸಾಂದ್ರತೆ ಹೊರಗಿನದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು. ಕೋಶದ ಪೊರೆಯ ಬಾಗಿಲುಗಳು ತೆರೆದು ಅದು ಒಳನುಗ್ಗಿದರೆ ಸ್ನಾಯು ಬಿಗಿಯುತ್ತದೆ, ನಾಳ ಕಿರಿದಾಗುತ್ತದೆ.

1923ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಎಡ್ಗರ್ ಆ್ಯಲನ್ ಮತ್ತು ಎಡ್ವರ್ಡ್ ಡಾಯ್ಸಿ ಅಂಡಾಶಯದ ಕೋಶಕಗಳ ರಸದಲ್ಲಿ ಸ್ತ್ರೀ ಹಾರ್ಮೋನಿನ ಪ್ರಭಾವವನ್ನು ತೋರಿಸಿದರು. ಮುಂದೆ ಪ್ರಾಣಿಗಳ ರಕ್ತನಾಳದ ತುಣುಕುಗಳ ಮೇಲೆ ಪ್ರಯೋಗ ನಡೆದಾಗ, ಈಸ್ಟ್ರೋಜೆನ್ ಆ ಬಾಗಿಲುಗಳಲ್ಲಿ ಕ್ಯಾಲ್ಸಿಯಂ ಪ್ರವೇಶವನ್ನು ತಗ್ಗಿಸುವುದು ಕಂಡುಬಂತು. ನಾಳದ ಒಳಪದರ ನೈಟ್ರಿಕ್ ಆಕ್ಸೈಡನ್ನು ಸ್ರವಿಸುವಂತೆಯೂ ಅದು ಮಾಡುತ್ತದೆ. ಎರಡರಿಂದಲೂ ಸ್ನಾಯು ಸಡಿಲವಾಗುತ್ತದೆ. ಋತುಬಂಧಕ್ಕೆ ಮುನ್ನ ಸ್ತ್ರೀಯರಲ್ಲಿ ಹೃದ್ರೋಗ ಪುರುಷರಿಗಿಂತ ಕಡಿಮೆಯೆಂಬುದು ಮೊದಲೇ ತಿಳಿದಿದ್ದ ಸಂಗತಿ. ಎರಡನ್ನೂ ಹೊಂದಿಸಿ ನೋಡಿದವರಿಗೆ ಆಸೆ ಚಿಗುರಿದ್ದು ಸಹಜ.

ಆದರೆ ಪ್ರಯೋಗಶಾಲೆಯಲ್ಲಿ ಸುರಿದ ಹಾರ್ಮೋನು ಅನೇಕ ವೇಳೆ ರಕ್ತದಲ್ಲಿರುವುದಕ್ಕಿಂತ ಬಹಳ ಹೆಚ್ಚು. ನಾಳದ ತುಣುಕಿಗೆ ವಯಸ್ಸಿನ ಜಡ್ಡಿಲ್ಲ, ಹೆಪ್ಪುಗಟ್ಟುವ ರಕ್ತವಿಲ್ಲ. 2002ರಲ್ಲಿ ಅಮೆರಿಕದಲ್ಲಿ 16,608 ಸ್ತ್ರೀಯರ ಮೇಲೆ ನಡೆಯುತ್ತಿದ್ದ, ಈಸ್ಟ್ರೋಜೆನ್ನಿನೊಡನೆ ಪ್ರೊಜೆಸ್ಟಿನ್ ಕೊಟ್ಟ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿದ್ದವು. ಅವರ ಸರಾಸರಿ ವಯಸ್ಸು 63. ಋತುಬಂಧದ ಆಸುಪಾಸಿನಲ್ಲೇ ಆರಂಭಿಸಿದವರ ಲಾಭನಷ್ಟದ ಲೆಕ್ಕ ಬೇರೆಯೆಂದು ಮುಂದಿನ ವಿಶ್ಲೇಷಣೆಗಳು ಸೂಚಿಸಿದವು. ಬೆವರು, ಬಿಸಿಯೇರುವಿಕೆಗಳ ಪರಿಹಾರಕ್ಕೆ ವೈದ್ಯರು ಇಂದಿಗೂ ಅದನ್ನು ಕೊಡುತ್ತಾರೆ, ಹೃದಯರಕ್ಷಣೆಯೊಂದಕ್ಕಾಗಿಯೇ ಕೊಡುವುದಿಲ್ಲ.

ಅತ್ತಿಗೆಯವರಿಗೆ ನಾನು ಹೇಳಿದ್ದಿಷ್ಟು: ನಾಳದ ತುಣುಕು ಸುಳ್ಳಾಡಲಿಲ್ಲ; ಅದಕ್ಕೆ ತಿಳಿದಷ್ಟನ್ನು ಹೇಳಿತು. ಉಳಿದದ್ದನ್ನು ನಾವು ಊಹಿಸಿಕೊಂಡೆವು. ಊಹೆಯನ್ನು ತಿದ್ದಿಕೊಂಡದ್ದಕ್ಕಾಗಿ ವಿಜ್ಞಾನವನ್ನು ದೂರಬೇಡಿ. ರಿಂಗರ್ ಅಂದು ಮಾಡಿದ್ದೂ ಅದನ್ನೇ.