ಸೀಸೆಯೊಳಗಿನ ನಿಂಬೆಹಣ್ಣು

ಬೇಸಗೆಯ ಮಧ್ಯಾಹ್ನ ಮನೆಗೆ ಬಂದ ಅತಿಥಿಗೆ ಒಂದು ಲೋಟ ಶರಬತ್ತು ಕೊಡುವುದು ನಮ್ಮಲ್ಲಿ ತೀರ ಸಾಮಾನ್ಯವಾದ ಉಪಚಾರ. ಹಣ್ಣಿದ್ದರೆ ಹಿಂಡುತ್ತೇವೆ; ಇಲ್ಲದಿದ್ದರೆ ಅಂಗಡಿಯ ಸೀಸೆಯಿಂದ ಎರಡು ಚಮಚ ಬಗ್ಗಿಸಿ ನೀರು ಬೆರೆಸುತ್ತೇವೆ. ಸೀಸೆಯ ಈ ಸಿಹಿರಸಕ್ಕೆ ಇಂಗ್ಲಿಷರು ಇಟ್ಟ ಹೆಸರು ಕಾರ್ಡಿಯಲ್. ಹೃದಯವೆಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಮಾತು ಅದು. ಎದೆಗೆ ಬಲ ಕೊಡುವ ಔಷಧವೆಂದು ಮೊದಲಿನ ಅರ್ಥ. ಔಷಧವು ಪಾನೀಯವಾದ ಈ ಕಥೆಯಲ್ಲಿ ಸಾವಿರಾರು ನಾವಿಕರ ಪ್ರಾಣವೂ, ಕಲಿತ ಪಾಠವನ್ನು ಮರೆತ ವಿದ್ಯಾವಂತರ ಅವಿವೇಕವೂ ಬೆರೆತುಕೊಂಡಿವೆ.

ಹಡಗು ತಿಂಗಳುಗಟ್ಟಲೆ ಕಡಲಲ್ಲಿದ್ದ ಕಾಲದಲ್ಲಿ ನಾವಿಕರಿಗೆ ಬಿರುಗಾಳಿಗಿಂತಲೂ ಭಯಂಕರವಾಗಿದ್ದುದು ಸ್ಕರ್ವಿ ಎಂಬ ರೋಗ. ವಸಡು ಬಾತು ರಕ್ತ ಒಸರುವುದು, ಹಲ್ಲು ಅಲುಗುವುದು, ವಾಸಿಯಾಗಿದ್ದ ಹಳೆಯ ಗಾಯವೂ ಬಾಯ್ದೆರೆಯುವುದು, ಕೊನೆಗೆ ಸಾವು. ೧೭೪೦ರಲ್ಲಿ ಅಡ್ಮಿರಲ್ ವರ್ನನ್ ತನ್ನ ನಾವಿಕರ ಕುಡಿತವನ್ನು ಹದ್ದಿನಲ್ಲಿಡಲು ರಮ್ಮಿಗೆ ನೀರು ಬೆರೆಸಿ ಹಂಚಬೇಕೆಂದು ಆಜ್ಞೆ ಮಾಡಿದನು. ಬೇಕಾದವರು ಸಕ್ಕರೆಯನ್ನೂ ನಿಂಬೆಯನ್ನೂ ಕೊಂಡು ಅದಕ್ಕೆ ಸೇರಿಸಿಕೊಳ್ಳಬಹುದಾಗಿತ್ತು. ಅದೇ ‘ಗ್ರಾಗ್’. ರುಚಿಗೆಂದು ಹಿಂಡಿದ ಆ ಹುಳಿಯಲ್ಲಿಯೇ ಮದ್ದೂ ಇತ್ತೆಂಬುದನ್ನು ಆಗ ಬಲ್ಲವರಾರು?

ಏಳು ವರ್ಷಗಳಾದ ಮೇಲೆ, ೧೭೪೭ರ ಮೇ ತಿಂಗಳಲ್ಲಿ, ಸಾಲ್ಸ್‌ಬರಿ ಎಂಬ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದನು. ಒಂದು ಜೋಡಿಗೆ ಸೇಬಿನ ಮದ್ಯ, ಒಂದಕ್ಕೆ ವಿನಿಗರ್, ಇನ್ನೊಂದಕ್ಕೆ ಸಮುದ್ರದ ನೀರು, ಹೀಗೆ ಒಂದೊಂದಕ್ಕೆ ಒಂದೊಂದು ಚಿಕಿತ್ಸೆ. ಒಂದು ಜೋಡಿಗೆ ಮಾತ್ರ ದಿನಕ್ಕೆ ಎರಡು ಕಿತ್ತಳೆ, ಒಂದು ಗಜನಿಂಬೆ. ಆರು ದಿನಕ್ಕೆ ಹಣ್ಣು ಮುಗಿಯಿತು. ಅಷ್ಟರಲ್ಲಿ ಅವರಲ್ಲೊಬ್ಬ ಎದ್ದು ಕೆಲಸಕ್ಕೆ ಹಾಜರಾಗಿದ್ದನು. ಆದರೆ ಹಣ್ಣನ್ನು ಕಡಲಿನಲ್ಲಿ ಕೆಡದಂತೆ ಇಡುವುದು ಹೇಗೆ? ರಸವನ್ನು ಕಾಯಿಸಿ ಗಟ್ಟಿ ಪಾಕವಾಗಿಸಿ ಸೀಸೆಗೆ ತುಂಬಿರೆಂದು ಲಿಂಡನೇ ಬರೆದನು. ಕಾಯಿಸಿದರೆ ಗುಣ ನಷ್ಟವಾಗುವುದೆಂದು ಅವನಿಗೆ ತಿಳಿದಿರಲಿಲ್ಲ. ಬ್ರಿಟಿಷ್ ನೌಕಾಪಡೆ ಗಜನಿಂಬೆಯ ರಸವನ್ನು ಅಧಿಕೃತವಾಗಿ ಕೈಗೆತ್ತಿಕೊಂಡದ್ದು ೧೭೯೫ರಲ್ಲಿ, ಲಿಂಡ್ ಸತ್ತ ಮರುವರ್ಷ. ರೋಗ ಹೇಳಹೆಸರಿಲ್ಲದಂತಾಯಿತು.

ಇಲ್ಲಿಗೆ ಮುಗಿದಿದ್ದರೆ ಕಥೆ ಮಂಗಳವಾಗುತ್ತಿತ್ತು. ಆದರೆ ೧೮೬೦ರ ದಶಕದಲ್ಲಿ ನೌಕಾಪಡೆಯವರು ಮೆಡಿಟರೇನಿಯನ್ ತೀರದ ಗಜನಿಂಬೆಯನ್ನು ಬಿಟ್ಟು, ತಮ್ಮದೇ ವಸಾಹತುಗಳಾದ ವೆಸ್ಟ್ ಇಂಡೀಸಿನ ಸಣ್ಣ ನಿಂಬೆಗೆ ಒಲಿದರು. ನಾವು ದಿನನಿತ್ಯ ಬಳಸುವ ನಿಂಬೆಯ ಜಾತಿಯೇ ಅದು. ಹುಳಿ ಹೆಚ್ಚಾದ್ದರಿಂದ ಗುಣವೂ ಹೆಚ್ಚೆಂದು ಎಣಿಸಿದರು. ಎರಡೂ ರಸಗಳನ್ನು ಒಂದೇ ಹೆಸರಿನಿಂದ ಕರೆಯುವ ರೂಢಿಯಿದ್ದುದರಿಂದ ವ್ಯತ್ಯಾಸ ಯಾರ ಕಣ್ಣಿಗೂ ಬೀಳಲಿಲ್ಲ.

೧೮೬೭ರಲ್ಲಿ ವ್ಯಾಪಾರದ ಹಡಗುಗಳೂ ಇಂಥ ರಸವನ್ನು ಕೊಂಡೊಯ್ಯಬೇಕೆಂದು ಕಾನೂನಾಯಿತು. ಅದೇ ವರ್ಷ ಸ್ಕಾಟ್ಲೆಂಡಿನ ಲೀತ್ ಬಂದರಿನ ಲಾಕ್ಲನ್ ರೋಸ್ ಎಂಬುವನು, ಮದ್ಯ ಬೆರೆಸದೆಯೇ ರಸವನ್ನು ಕೆಡದಂತಿಡುವ ಉಪಾಯಕ್ಕೆ ಪೇಟೆಂಟ್ ಪಡೆದನು. ಸಕ್ಕರೆ ಸೇರಿದ ಅವನ ಕಾರ್ಡಿಯಲ್ ಹಡಗಿನಿಂದಿಳಿದು ಪೇಟೆಗೂ, ಮನೆಮನೆಗೂ ನಡೆಯಿತು.

ಹೊಸ ರಸದಲ್ಲಿ ಸತ್ವ ಕಡಮೆಯೆಂಬುದು ಬೇಗ ಬಯಲಾಗಲಿಲ್ಲ. ಏಕೆಂದರೆ ಆ ವೇಳೆಗೆ ಹಬೆಯ ಹಡಗುಗಳು ಬಂದು ಪ್ರಯಾಣ ಮೊಟಕಾಗಿತ್ತು. ರೋಗ ತಲೆಯೆತ್ತುವ ಮೊದಲೇ ಬಂದರು ಸಿಗುತ್ತಿತ್ತು. ಕೀರ್ತಿ ರಸಕ್ಕೆ, ಕೆಲಸ ಹಬೆಯದು! ೧೮೭೫ರಲ್ಲಿ ನೇರ್ಸ್ ಎಂಬ ಕಪ್ತಾನನ ತಂಡ ಉತ್ತರಧ್ರುವದ ಕಡೆಗೆ ಹೊರಟು ಹಿಮದಲ್ಲಿ ಚಳಿಗಾಲ ಕಳೆದಾಗ ಸ್ಕರ್ವಿ ಮತ್ತೆ ಕಾಣಿಸಿಕೊಂಡಿತು. ಆಗ ಪಂಡಿತರು ರಸವನ್ನು ಪರೀಕ್ಷಿಸುವುದಕ್ಕೆ ಬದಲಾಗಿ ಹಳೆಯ ನಂಬಿಕೆಯನ್ನೇ ಶಂಕಿಸತೊಡಗಿದರು. ಕೆಟ್ಟ ಮಾಂಸವೇ ರೋಗಕ್ಕೆ ಕಾರಣವೆಂಬ ವಾದ ಹಬ್ಬಿತು. ೧೯೦೧ರಲ್ಲಿ ದಕ್ಷಿಣಧ್ರುವಕ್ಕೆ ಹೊರಟ ಸ್ಕಾಟನ ತಂಡವೂ ಈ ಭ್ರಾಂತಿಗೆ ದಂಡ ತೆತ್ತಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಗಿನಿಯಿಲಿಗಳ ಮೇಲೆ ಪ್ರಯೋಗ ನಡೆದು, ನಿಂಬೆಯ ರಸಕ್ಕೆ ಗಜನಿಂಬೆಯ ಶಕ್ತಿಯ ಕಾಲುಭಾಗದಷ್ಟೇ ಇದೆಯೆಂದು ಗೊತ್ತಾಯಿತು. ಆ ಶಕ್ತಿಯೇ ಇಂದು ನಾವು ‘ಸಿ’ ಜೀವಸತ್ವವೆನ್ನುವುದು. ಅದರ ಶೋಧಕ ಸೆಂಟ್ ಜ್ಯೋರ್ಜಿಗೆ ೧೯೩೭ರಲ್ಲಿ ನೊಬೆಲ್ ಬಹುಮಾನ ಬಂದಿತು.

ಔಷಧದ ಕೀರ್ತಿ ಹೋದರೂ ಸೀಸೆಯ ಕೀರ್ತಿ ಕುಂದಲಿಲ್ಲ. ೧೯೩೦ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿನ ಪಾನಪುಸ್ತಕದಲ್ಲಿ ‘ಗಿಮ್ಲೆಟ್’ ಎಂಬ ಪಾನೀಯ ಸೇರಿತು: ಅರ್ಧ ಜಿನ್, ಅರ್ಧ ರೋಸನ ಕಾರ್ಡಿಯಲ್. ಗಿಮ್ಲೆಟ್ ಎಂದರೆ ಬೈರಿಗೆ. ಮರಕ್ಕೆ ಬೈರಿಗೆ ಇಳಿದಂತೆ ಗಂಟಲಿಗೆ ಇಳಿಯುವುದರಿಂದ ಆ ಹೆಸರೆಂದು ಕೆಲವರು. ಗಿಮ್ಲೆಟ್ ಎಂಬ ನೌಕಾವೈದ್ಯನೇ ಅದನ್ನು ಕಲಸಿದನೆಂದು ಹಲವರು. ಮದ್ಯದ ಮಾತು ಬಂತೆಂದು ವಾಚಕರು ಹುಬ್ಬುಗಂಟಿಕ್ಕಬೇಕಾಗಿಲ್ಲ. ಸೋಡಾ ಬೆರೆಸಿದರೂ ಕಾರ್ಡಿಯಲ್ ಮುನಿಯುವುದಿಲ್ಲ.

ಮನೆಯಲ್ಲೇ ಮಾಡಿಕೊಳ್ಳುವುದೂ ಕಷ್ಟವಲ್ಲ. ನಿಂಬೆಯ ಸಿಪ್ಪೆಯ ಹಸಿರನ್ನಷ್ಟೇ ತೆಳುವಾಗಿ ಹೆರೆದು, ಕಹಿಯಾದ ಬಿಳಿಭಾಗ ಸೇರದಂತೆ, ಸಕ್ಕರೆಯಲ್ಲಿ ಕಲಸಿ ಒಂದು ರಾತ್ರಿ ಇಟ್ಟರೆ ಸಿಪ್ಪೆಯ ಘಮ ಸಕ್ಕರೆಗೆ ಇಳಿಯುತ್ತದೆ. ಬೆಳಗ್ಗೆ ಹಣ್ಣು ಹಿಂಡಿ, ಸಕ್ಕರೆ ಕರಗುವವರೆಗೆ ಕದಡಿ, ಸೋಸಿ, ತಣ್ಣಗಿಡಬೇಕು. ಒಲೆಯ ಮೇಲೆ ಮಾತ್ರ ಇಡಬಾರದು. ಬಹಳ ದಿನ ಬಾಳುವುದಿಲ್ಲ, ಬೇಗ ಮುಗಿಸಬೇಕು.

ರಾಮನವಮಿಯ ಪಾನಕವನ್ನು ನಮ್ಮ ಹಿರಿಯರು ಅಂದೇ ಮಾಡಿ ಅಂದೇ ಹಂಚುತ್ತಿದ್ದರು. ಜೀವಸತ್ವದ ಹೆಸರು ಅವರಿಗೆ ಗೊತ್ತಿರಲಿಲ್ಲ. ಆದರೆ ಹಿಂಡಿದ ನಿಂಬೆಯನ್ನು ನಾಳೆಗೆ ಇಡುವ ಯೋಚನೆಯನ್ನೂ ಅವರು ಮಾಡುತ್ತಿರಲಿಲ್ಲ.