ಒಂದು ಮೀನಖಂಡದ ಚರಿತ್ರೆ

1994ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಫಿಜಿಯೋಥೆರಪಿಸ್ಟ್ ಆಗಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ನವಲಗುಂದದ ಕಡೆಯ ಅಜ್ಜಿಯೊಬ್ಬರು ಎರಡು ವರ್ಷದ ಮೊಮ್ಮಗನನ್ನು ಬಗಲಲ್ಲಿ ಹೊತ್ತು ತಂದರು. ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಎಂದರೆ ಎಳೆಯ ಮಿದುಳಿಗಾದ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ. ಹಿಡಿದು ನಿಲ್ಲಿಸಿದರೆ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ.

“ಎರೀವಾಗನ ಗೊತ್ತಾಗಿತ್ತ್ರಿ ಅಕ್ಕಾರ. ಒಂದ ಕಾಲ ಎತ್ತಿದ್ರ ಎರಡೂ ಕತ್ತರಿ ಆಗತಿದ್ದವು. ಇವರಪ್ಪನೂ ತಡಾ ಮಾಡೇ ನಡದಾನ ಅಂತ ಎಲ್ಲಾರೂ ನನ್ನ ಬಾಯಿ ಮುಚ್ಚಿಸಿದ್ರು.” ಆಮೇಲೆ ಮೊಮ್ಮಗನ ಮೀನಖಂಡವನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು. “ನೋಡ್ರಿ, ಇಲ್ಲಿ ಮಾಂಸನ ತುಂಬವಲ್ದು.”

“ಮಾಂಸದ ಮಾತು ಆಮೇಲೆ ಅಜ್ಜಿ, ಮೊದಲು ಬಿಗಿತ ಬಿಡಿಸೋಣ” ಎಂದು ನಾನು ಕಾಲು ಎಳೆಯುವುದನ್ನು ಕಲಿಸಿಕೊಟ್ಟೆ. ಮಂಡಿ ನೆಟ್ಟಗೆ, ಹಿಮ್ಮಡಿ ಅಂಗೈಯಲ್ಲಿ, ಪಾದ ಮೇಲಕ್ಕೆ, ಮೂವತ್ತು ಎಣಿಸುವವರೆಗೆ. ಅಜ್ಜಿಯ ಮಾತೇ ಮೊದಲು ಕೇಳಬೇಕಾದದ್ದು ಎಂದು ನನಗೆ ಮನವರಿಕೆಯಾಗಲು ಇನ್ನೂ ಇಪ್ಪತ್ತೆರಡು ವರ್ಷ ಹಿಡಿಯಿತು.

ಬಿಗಿತವೇ ರೋಗ, ಬಿಡಿಸುವುದೇ ಮದ್ದು ಎಂಬ ಪಾಠ ನನಗಿಂತ ಬಹಳ ಹಳೆಯದು. ಅದರ ಮೂಲ ಲಂಡನ್ನಿನ ವಿಲಿಯಂ ಜಾನ್ ಲಿಟಲ್ ಎಂಬ ವೈದ್ಯರ ಕಾಲಿನಲ್ಲಿದೆ. 1810ರಲ್ಲಿ ಹುಟ್ಟಿದ ಲಿಟಲ್‌ಗೆ ಬಾಲ್ಯದಲ್ಲೇ ಪೋಲಿಯೊ ಬಡಿದು ಪಾದ ಸೊಟ್ಟಗಾಗಿತ್ತು. 1836ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಲೂಯಿ ಸ್ಟ್ರೋಮೇಯರ್ ಎಂಬ ಶಸ್ತ್ರವೈದ್ಯರು ಚರ್ಮಕ್ಕೆ ಸಣ್ಣ ತೂತು ಮಾಡಿ, ಅದರೊಳಗಿಂದಲೇ ಹಿಮ್ಮಡಿಯ ಸ್ನಾಯುರಜ್ಜುವನ್ನು ಕತ್ತರಿಸಿ ಪಾದವನ್ನು ನೇರ ಮಾಡಿದರು. ಅರಿವಳಿಕೆ ಇನ್ನೂ ಬಂದಿರದ ಕಾಲ ಅದು. ಲಿಟಲ್ ಆ ವಿದ್ಯೆಯನ್ನು ಕಲಿತು ಲಂಡನ್ನಿಗೆ ಒಯ್ದರು. ಅಲ್ಲಿ ಸೊಟ್ಟ ಕಾಲಿನವರಿಗಾಗಿಯೇ ಆಸ್ಪತ್ರೆ ಕಟ್ಟಿದರು.

ಅವರಲ್ಲಿಗೆ ಬಂದ ಮಕ್ಕಳಲ್ಲಿ ಕೆಲವರ ಕಾಲು ಪೋಲಿಯೊದ ಹಾಗೆ ಜೋತುಬಿದ್ದಿರಲಿಲ್ಲ, ಸೆಟೆದುಕೊಂಡಿತ್ತು. ಲಿಟಲ್ ತಾಯಂದಿರನ್ನು ಕೇಳುತ್ತ ಹೋದರು. ದಿನ ತುಂಬದೆ ಹುಟ್ಟಿದ್ದು, ಹೆರಿಗೆ ಕಷ್ಟವಾದದ್ದು, ಹುಟ್ಟಿದೊಡನೆ ಕೂಸು ಅಳದೆ ಇದ್ದದ್ದು ಮತ್ತೆ ಮತ್ತೆ ಕೇಳಿಬಂತು. 1861ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಸಂಘದ ಮುಂದೆ ಇದನ್ನೆಲ್ಲ ಮಂಡಿಸಿದರು. ಈಗ ಸೆರೆಬ್ರಲ್ ಪಾಲ್ಸಿ ಎನ್ನುವ ಈ ಸ್ಥಿತಿಗೆ ಬಹಳ ಕಾಲ ‘ಲಿಟಲ್ ರೋಗ’ ಎಂದೇ ಹೆಸರಿತ್ತು.

ಅಲ್ಲಿಂದ ಮುಂದಿನ ವಾದವೆಲ್ಲ ಮಿದುಳಿನದು. 1889ರಲ್ಲಿ ವೈದ್ಯ ವಿಲಿಯಂ ಆಸ್ಲರ್ ಸೆರೆಬ್ರಲ್ ಪಾಲ್ಸಿಯ ಬಗ್ಗೆಯೇ ಪುಸ್ತಕ ಬರೆದರು. 1897ರಲ್ಲಿ ವಿಯೆನ್ನಾದ ನರವೈದ್ಯರೊಬ್ಬರು, ಕಷ್ಟದ ಹೆರಿಗೆ ಕಾರಣವೇ ಆಗಿರಬೇಕೆಂದಿಲ್ಲ, ಗರ್ಭದಲ್ಲೇ ಆದ ತೊಂದರೆಯ ಲಕ್ಷಣವೂ ಆಗಿರಬಹುದು ಎಂದು ತಕರಾರು ತೆಗೆದರು. ಅವರೇ ಸಿಗ್ಮಂಡ್ ಫ್ರಾಯ್ಡ್. ಕನಸುಗಳ ಕಡೆ ಹೊರಳುವ ಮುಂಚೆ ಅವರು ಈ ಮಕ್ಕಳ ಬಗ್ಗೆ ದಪ್ಪ ದಪ್ಪ ಗ್ರಂಥ ಬರೆದಿದ್ದರು. ಈ ಜಗಳದಲ್ಲಿ ಸ್ನಾಯುವನ್ನು ಕೇಳಿದವರಿಲ್ಲ. ಮಿದುಳು ಧಣಿ, ಸ್ನಾಯು ಆಳು. ಧಣಿಯ ತಲೆ ಕೆಟ್ಟರೆ ಆಳು ಸೆಟೆದು ನಿಲ್ಲುತ್ತಾನೆ, ಅಷ್ಟೇ.

ನಮ್ಮ ವೃತ್ತಿಗೆ ಗುರುಸ್ಥಾನದಲ್ಲಿದ್ದವರು ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿ. ಬರ್ಲಿನ್ನಿನಲ್ಲಿ ಅಂಗಸಾಧನೆ ಕಲಿಸುತ್ತಿದ್ದ ಬರ್ಟಾ, ಹಿಟ್ಲರನ ಕಾಲದಲ್ಲಿ ಲಂಡನ್ನಿಗೆ ಬಂದು ನೆಲೆಸಿದವರು. ಮಗುವನ್ನು ಹೇಗೆ ಹಿಡಿಯಬೇಕು, ಎತ್ತಬೇಕು, ಹೊರಳಿಸಬೇಕು ಎಂಬುದನ್ನು ಅವರಷ್ಟು ಸೂಕ್ಷ್ಮವಾಗಿ ಯಾರೂ ನೋಡಿರಲಿಲ್ಲ. ಆದರೆ ಆ ಪಾಠದ ಜೊತೆ ಒಂದು ಹೆದರಿಕೆಯೂ ನಮ್ಮವರೆಗೆ ಬಂತು: ಮಗು ತಿಣುಕಬಾರದು, ಭಾರ ಎತ್ತಬಾರದು, ಶ್ರಮಪಟ್ಟರೆ ಬಿಗಿತ ಹೆಚ್ಚುತ್ತದೆ. ಕಾಲೇಜಿನಲ್ಲಿ ನಾನು ಬರೆದುಕೊಂಡ ನೋಟ್ಸಿನಲ್ಲಿ ಈ ಮಾತಿಗೆ ಕೆಂಪು ಶಾಯಿಯ ಗೆರೆಯಿದೆ.

ಆ ಹುಡುಗನಿಗೆ ಏಳು ವರ್ಷವಾಗಿದ್ದಾಗ ಈ ಗೆರೆಗೆ ಮೊದಲ ಪೆಟ್ಟು ಬಿತ್ತು. ಅವನ ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಅರಿವೆಯ ಚೀಲಕ್ಕೆ ಉಸುಕು ತುಂಬಿ ಮಗನ ಕಾಲಿಗೆ ಕಟ್ಟಿ, ಕಟ್ಟೆಯ ಮೇಲೆ ಕೂರಿಸಿ ಕಾಲು ಎತ್ತಿಸುತ್ತಿದ್ದ. ನಾನು ಕೇಳಿ ಬೈದೆ. “ಭಾರಾ ಹೊರದ ನನ್ನ ಕಾಲಾದರೂ ಹೆಂಗ ಗಟ್ಟಿ ಆದಾವ್ರಿ, ಅಕ್ಕಾರ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ, ನೋಟ್ಸಿತ್ತು. ಅಮೆರಿಕದಲ್ಲಿ ಡಯಾನ್ ಡಮಿಯಾನೊ ಎಂಬ ಫಿಜಿಯೋಥೆರಪಿಸ್ಟ್ ಇಂಥದೇ ಮಕ್ಕಳ ಕಾಲಿಗೆ ಭಾರ ಕಟ್ಟಿ ಆರು ವಾರ ವ್ಯಾಯಾಮ ಮಾಡಿಸಿ, ತೊಡೆಯ ಬಲ ಹೆಚ್ಚಿದ್ದನ್ನು 1995ರಲ್ಲೇ ಪ್ರಕಟಿಸಿದ್ದರು. ಆ ಲೇಖನ ನನ್ನ ಕೈಗೆ ಬಂದದ್ದು ಬಹಳ ತಡವಾಗಿ. ಉಸುಕಿನ ಚೀಲದಿಂದ ಹುಡುಗ ಓಡಲಿಲ್ಲ. ಆದರೆ ಗೋಡೆ ಹಿಡಿಯದೆ ನೆಲದಿಂದ ಏಳುವುದನ್ನು ಕಲಿತ.

ಸ್ನಾಯು ಬರಿಯ ಆಳಲ್ಲ ಎಂಬುದಕ್ಕೆ ಸಾಕ್ಷಿ ಅದಕ್ಕೂ ಮೊದಲೇ ಇತ್ತು. ಸ್ನಾಯುವಿನ ಎಳೆ ಎಂದರೆ ಸಾರ್ಕೊಮಿಯರ್ ಎಂಬ ಮಣಿಗಳನ್ನು ಸಾಲಾಗಿ ಪೋಣಿಸಿದ ಸರ. ಮೂಳೆ ಉದ್ದವಾದಂತೆ ಮಣಿ ಸೇರುತ್ತಿರಬೇಕು. 1972ರಲ್ಲಿ ಫ್ರಾನ್ಸಿನ ತಬಾರಿ ಮತ್ತು ಸಂಗಡಿಗರು, ಬೆಕ್ಕಿನ ಮೀನಖಂಡದ ಸ್ನಾಯುವನ್ನು ಮುದುಡಿದ ಸ್ಥಿತಿಯಲ್ಲಿ ನಾಲ್ಕು ವಾರ ಪ್ಲಾಸ್ಟರ್ ಹಾಕಿ ಇಟ್ಟರೆ ಶೇ 40ರಷ್ಟು ಮಣಿ ಕಳೆದುಹೋಗುತ್ತವೆ ಎಂದು ಎಣಿಸಿ ತೋರಿಸಿದ್ದರು. 1984ರಲ್ಲಿ ಟೊರಾಂಟೊದ ಮರ್ಸರ್ ರ‍್ಯಾಂಗ್ ಮತ್ತು ಜೊತೆಗಾರರು ಆನುವಂಶಿಕವಾಗಿ ಬಿಗಿತವಿದ್ದ ಇಲಿಗಳನ್ನು ಅಳೆದರು. ಮೂಳೆ ಬೆಳೆದ ವೇಗದ ಸುಮಾರು ಅರ್ಧದಷ್ಟೇ ಸ್ನಾಯು ಬೆಳೆದಿತ್ತು. ಕಾಲು ಉದ್ದವಾಗುತ್ತದೆ, ಸ್ನಾಯು ಹಿಂದೆ ಉಳಿಯುತ್ತದೆ, ಹಿಮ್ಮಡಿ ಮೇಲೇಳುತ್ತದೆ.

ಅಮೆರಿಕದ ರಿಚರ್ಡ್ ಲೀಬರ್ ಮತ್ತು ಸಂಗಡಿಗರು ಮಕ್ಕಳ ಸ್ನಾಯುವನ್ನೇ ನೋಡಿದಾಗ ಕಂಡದ್ದು ನನಗೆ ಇಂದಿಗೂ ಕಸಿವಿಸಿ. ಮಣಿಗಳು ಕುಗ್ಗಿರಲಿಲ್ಲ, ಅತಿಯಾಗಿ ಹಿಗ್ಗಿದ್ದವು. ಮಣಿ ಕಡಿಮೆ ಇರುವ ಸರವನ್ನು ದೊಡ್ಡ ಕೊರಳಿಗೆ ಹಾಕಿದ ಹಾಗೆ. ಹೊಸ ಮಣಿಗೆ ಬೀಜದಂತಿರುವ ಸ್ಯಾಟಲೈಟ್ ಕೋಶಗಳು ಉಳಿದ ಮಕ್ಕಳಲ್ಲಿ ಇರುವುದರ ಅರ್ಧವೂ ಇರಲಿಲ್ಲ. ಹಾಗಾದರೆ ನಾನು ಮೂವತ್ತು ಎಣಿಸಿ ಎಳೆಯುತ್ತಿದ್ದದ್ದು ಏನನ್ನು? ಮೊದಲೇ ಹಿಗ್ಗಿ ನಿಂತದ್ದನ್ನು. ಕೈಯಿಂದ ಎಳೆಯುವುದರಿಂದ ನಿಲ್ಲುವಂಥ ಲಾಭ ಕಾಣದು ಎಂಬ ತೀರ್ಮಾನಕ್ಕೆ ಈಗಿನ ವಿಮರ್ಶೆಗಳೂ ಬಂದಿವೆ.

2016ರಲ್ಲಿ ಡೆನ್ಮಾರ್ಕಿನಿಂದ ಇನ್ನೊಂದು ಅಳತೆ ಬಂತು. ಪುಟ್ಟ ಮಕ್ಕಳ ಮೀನಖಂಡವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದ್ದರು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಸ್ನಾಯು ಹದಿನೈದನೇ ತಿಂಗಳ ಹೊತ್ತಿಗೇ ಹಿಂದೆ ಬಿದ್ದಿತ್ತು. ಸ್ನಾಯುವಿನ ಬಿಗಿತ ಹೆಚ್ಚುವುದು ಅದಾದ ಮೇಲೆ ಎಂದು ಅದೇ ತಂಡ ಎರಡು ವರ್ಷದ ನಂತರ ತೋರಿಸಿತು. ಓದುತ್ತ ನನಗೆ ಅಜ್ಜಿಯ ಎರಡು ಬೆರಳು ನೆನಪಾದವು. ಮಾಂಸ ತುಂಬದಿರುವುದೇ ಮೊದಲು, ಬಿಗಿತ ಆಮೇಲೆ. ಯಂತ್ರವಿಲ್ಲದೆ ಅಜ್ಜಿ ಅದನ್ನು ಹಿಡಿದಿದ್ದರು.

ನಾವು ಅಂಥವರ ಮಾತು ಕೇಳದಿದ್ದಾಗ ಏನಾಗುತ್ತದೆ? 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾಗಲೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದ ಚಿತ್ರ ಪತ್ರಿಕೆಗಳಲ್ಲಿ ಬಂತು. ಎಲ್ಲರೂ ತಾಯ್ತಂದೆಯರನ್ನು ಬೈದರು, ಮೊದಲು ನಾನೂ ಬೈದೆ. ಆದರೆ ಎಳೆದು ಎಳೆದು ಫಲ ಕಾಣದೆ ನನ್ನ ಕೋಣೆಯಿಂದ ಎದ್ದುಹೋದ ಎಷ್ಟು ಜನ ಎಂಥೆಂಥ ಗುಂಡಿ ಹುಡುಕಿದರೋ.

ಸ್ನಾಯುವನ್ನು ಬೆಳೆಸುವ ಗುಳಿಗೆ ಈಗಲೂ ಇಲ್ಲ. ಮಗು ತಾನಾಗಿ ಒದೆಯುವುದು, ತಳ್ಳುವುದು, ನಿಲ್ಲುವುದು, ಹತ್ತುವುದು, ಹೊಟ್ಟೆ ತುಂಬ ಉಣ್ಣುವುದು, ಇವೇ ನಮ್ಮ ಕೈಯಲ್ಲಿರುವವು. ಇವನ್ನು ಬೇಗ ಶುರು ಮಾಡಬೇಕು. ಆದ್ದರಿಂದ ಕೂಸಿಗೆ ಎರೆಯುವ ಕೈಗಳಿಗೆ ನನ್ನದೊಂದು ಬಿನ್ನಹ. ಕಾಲು ಕತ್ತರಿಯಾದರೆ, ನಾಲ್ಕು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುತ್ತಿದ್ದರೆ, ಅಪ್ಪ ಯಾವಾಗ ನಡೆದ ಎಂದು ಲೆಕ್ಕ ಹಾಕುತ್ತ ಕೂರಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಇಂಥ ಮಕ್ಕಳಿಗೆಂದೇ ಶೀಘ್ರ ಪತ್ತೆ ಕೇಂದ್ರವಿರುತ್ತದೆ, ಖರ್ಚಿಲ್ಲ. ಹದಿನೈದನೇ ತಿಂಗಳಿಗೆ ಮುಂಚೆ ಅಲ್ಲಿಗೆ ಹೋಗಿ. ಅಲ್ಲಿರುವ ನನ್ನಂಥವರು ನಿಮ್ಮ ಮಾತು ಕೇಳದಿದ್ದರೆ, ಗಟ್ಟಿಯಾಗಿ ಇನ್ನೊಮ್ಮೆ ಹೇಳಿ.